ಆಯ ತಪ್ಪದೆ ನಿಲ್ಲುವ ಯಂತ್ರ

ದೆಹಲಿ ಮೆಟ್ರೊದ ರೆಡ್ ಲೈನಿನಲ್ಲಿ ಕೊಹಾಟ್ ಎನ್‌ಕ್ಲೇವ್ ದಾಟಿದರೆ ಸಿಗುವುದು ಪೀತಮ್‌ಪುರದ ನಿಲ್ದಾಣ. 2004ರಿಂದ ಇಲ್ಲಿ ರೈಲು ಓಡುತ್ತಿದೆ. ಬೆಳಗಿನ ಗದ್ದಲದಲ್ಲಿ ಸೀಟು ಸಿಗದ ಕಾಲೇಜು ಹುಡುಗ ಹುಡುಗಿಯರು ಬಾಗಿಲ ಬಳಿಯೇ ನಿಂತಿರುತ್ತಾರೆ. ಬೆನ್ನಿಗೆ ಬ್ಯಾಗು, ಎರಡೂ ಕೈಯಲ್ಲಿ ಮೊಬೈಲು. ರೈಲು ಹೊರಟೊಡನೆ ಎಲ್ಲರ ಮೈಯೂ ಒಮ್ಮೆ ಹಿಂದಕ್ಕೆ ವಾಲುತ್ತದೆ. ಬಹುಪಾಲು ಮಂದಿ ಪರದೆಯಿಂದ ಕಣ್ಣೆತ್ತದೆ ಸಾವರಿಸಿಕೊಳ್ಳುತ್ತಾರೆ. ಒಬ್ಬಿಬ್ಬರು ತಟ್ಟನೆ ಕಂಬ ಹಿಡಿಯುತ್ತಾರೆ. ಎಲ್ಲರೂ ಇಪ್ಪತ್ತರ ಆಸುಪಾಸಿನವರು, ಆರೋಗ್ಯವಂತರು. ಹಾಗಾದರೆ ಒಬ್ಬರು ನಿಂತಲ್ಲೇ ನಿಲ್ಲಲು, ಮತ್ತೊಬ್ಬರು ಆಯ ತಪ್ಪಲು ಕಾರಣವೇನು?

ನಿಲ್ಲುವುದು ಎಂಥ ಕಷ್ಟದ ಕೆಲಸ ಎಂಬುದನ್ನು ಮೊದಲು ನೋಡೋಣ. ಅಲ್ಲೇ ಹತ್ತಿರದಲ್ಲಿರುವ ಪೀತಮ್‌ಪುರ ಟಿವಿ ಟವರ್ 235 ಮೀಟರ್ ಎತ್ತರದ್ದು. ಅದು 1988ರಿಂದ ನಿಂತಿರುವುದು ಅಡಿಪಾಯದ ಬಲದಿಂದ. ಮನುಷ್ಯನಿಗೆ ಅಡಿಪಾಯವೇ ಇಲ್ಲ. ಐದೂವರೆ ಅಡಿ ಎತ್ತರದವರ ಗುರುತ್ವ ಕೇಂದ್ರ ಹೊಕ್ಕುಳಿಗಿಂತ ತುಸು ಕೆಳಗೆ, ನೆಲದಿಂದ ಸುಮಾರು 95 ಸೆಂಟಿಮೀಟರ್ ಮೇಲಿರುತ್ತದೆ. ಅದರ ನೇರ ಕೆಳಗಿನ ಬಿಂದು ಎರಡು ಪಾದಗಳ ಪುಟ್ಟ ಆವರಣದೊಳಗೇ ಇರಬೇಕು. ಸ್ನಾಯುಗಳು ಸುಮ್ಮನಾದರೆ ಚಿಕ್ಕ ವಾಲುವಿಕೆಯೂ ಸೆಕೆಂಡಿನ ಮೂರನೇ ಒಂದು ಭಾಗದಲ್ಲಿ ಎರಡೂವರೆ ಪಟ್ಟಿಗಿಂತ ಹೆಚ್ಚು ಬೆಳೆಯುತ್ತದೆ. ಆದ್ದರಿಂದ 'ಅಲುಗಾಡದೆ ನಿಂತಿದ್ದೇನೆ' ಎಂದುಕೊಂಡಾಗಲೂ ನಾವು ಸದಾ ಓಲಾಡುತ್ತಲೇ ಇರುತ್ತೇವೆ. ಮೀನಖಂಡದ ಸ್ನಾಯು ಸೆಕೆಂಡಿಗೆ ಎರಡು ಮೂರು ಬಾರಿ ಪುಟ್ಟದಾಗಿ ಎಳೆದು, ಬಿಟ್ಟು, ಮುಂದಕ್ಕೆ ಬೀಳುವ ಮೈಯನ್ನು ಹಿಂದಕ್ಕೆ ತರುತ್ತಿರುತ್ತದೆ.

ಈ ಎಳೆತ ಯಾವಾಗ, ಎಷ್ಟು ಎಂದು ತೀರ್ಮಾನಿಸಲು ಮೆದುಳಿಗೆ ಮೂರು ಕಡೆಯಿಂದ ಸುದ್ದಿ ಬರುತ್ತದೆ. ಅಂಗಾಲಿನ ಚರ್ಮ ಮತ್ತು ಕಾಲಿನ ಸ್ನಾಯು, ಕೀಲುಗಳು ಒತ್ತಡ ಎತ್ತ ಸರಿಯಿತೆಂದು ಹೇಳುತ್ತವೆ. ಕಣ್ಣು ಸುತ್ತಲಿನ ದೃಶ್ಯದ ಚಲನೆಯನ್ನು ಹೇಳುತ್ತದೆ. ಒಳಕಿವಿಯಲ್ಲಿರುವ ಮೂರು ಅರ್ಧವೃತ್ತಾಕಾರದ ನಾಳಗಳ ದ್ರವ ತಲೆ ತಿರುಗಿದ್ದನ್ನು ತಿಳಿಸಿದರೆ, ಅವುಗಳ ಬುಡದ ಎರಡು ಚೀಲಗಳಲ್ಲಿರುವ ಸುಣ್ಣದ ಹರಳುಗಳು ತಲೆ ವಾಲಿದ್ದನ್ನೂ ನೇರ ವೇಗದ ಏರಿಳಿತವನ್ನೂ ತಿಳಿಸುತ್ತವೆ. ಗಟ್ಟಿ ನೆಲದ ಮೇಲೆ, ಒಳ್ಳೆಯ ಬೆಳಕಿನಲ್ಲಿ ನಿಂತ ಆರೋಗ್ಯವಂತರ ಮೆದುಳು ಸುಮಾರು 70 ಪಾಲು ಕಾಲನ್ನು, 20 ಪಾಲು ಒಳಕಿವಿಯನ್ನು, 10 ಪಾಲು ಕಣ್ಣನ್ನು ನಂಬುತ್ತದೆ. ನೆಲವೇ ಅಲುಗಾಡತೊಡಗಿದರೆ ಈ ಲೆಕ್ಕ ಬದಲಾಗುತ್ತದೆ. ಕಾಲಿನ ಮಾತಿಗೆ ಬೆಲೆ ಇಳಿದು ಕಣ್ಣು, ಕಿವಿಗಳ ಮಾತಿಗೆ ಬೆಲೆ ಏರುತ್ತದೆ. ಮೆಟ್ರೊದ ನೆಲ ಅಂಥದ್ದೇ.

ಸುದ್ದಿ ಬಂದ ಮೇಲೆ ಮೈಗೆ ಮೂರು ದಾರಿಗಳಿವೆ. ತಳ್ಳಾಟ ಸಣ್ಣದಾದರೆ ಕಣಕಾಲೊಂದೇ ತಿದ್ದುತ್ತದೆ. ಹೆಚ್ಚಾದರೆ ಸೊಂಟ ಬಾಗುತ್ತದೆ. ಅದೂ ಸಾಲದಾದಾಗ ಹೆಜ್ಜೆ ಇಡಲೇಬೇಕು. ನೆಲ ಜಾರಿದ ಸುಮಾರು 100 ಮಿಲಿಸೆಕೆಂಡಿನಲ್ಲಿ ಮೊದಲ ತಿದ್ದುಪಡಿ ಶುರುವಾಗಿರುತ್ತದೆ. 'ಅಯ್ಯೋ, ಬೀಳುತ್ತಿದ್ದೇನೆ' ಎಂಬ ಅರಿವು ಮೂಡುವುದು ಅದಾದ ಮೇಲೆ.

ಈಗ ರೈಲಿನ ಲೆಕ್ಕಕ್ಕೆ ಬರೋಣ. ಮೆಟ್ರೊ ರೈಲು ಸಾಮಾನ್ಯವಾಗಿ ಪ್ರತಿ ಸೆಕೆಂಡಿಗೂ ತನ್ನ ವೇಗವನ್ನು ಸೆಕೆಂಡಿಗೆ ಒಂದು ಮೀಟರಿನಷ್ಟು ಏರಿಸುತ್ತದೆ, ಇಳಿಸುತ್ತದೆ. ಒಳಗೆ ನಿಂತವರಿಗೆ ಇದು ನೆಲ ಸುಮಾರು 6 ಡಿಗ್ರಿ ಓರೆಯಾದಂತೆ. ಪಾದ ಎತ್ತದೆ ನಾವು ಮುಂದಕ್ಕೆ 8 ಡಿಗ್ರಿಯಷ್ಟು ವಾಲಬಲ್ಲೆವು. ಹಿಂದಕ್ಕೆ ಮಾತ್ರ 4 ಡಿಗ್ರಿ, ಏಕೆಂದರೆ ಕಣಕಾಲಿನ ಹಿಂದೆ ಇರುವುದು ಗಿಡ್ಡ ಹಿಮ್ಮಡಿ ಮಾತ್ರ. ರೈಲು ಸಾಗುವ ದಿಕ್ಕಿಗೆ ಮುಖ ಮಾಡಿ ನಿಂತವರು ರೈಲು ಹೊರಡುವಾಗ ತತ್ತರಿಸುವುದು ಇದರಿಂದಲೇ. ಅದೇ ಕಿಟಕಿಯ ಕಡೆ ಮುಖ ಮಾಡಿ, ಕಾಲುಗಳನ್ನು 40 ಸೆಂಟಿಮೀಟರಿನಷ್ಟು ಅಗಲಿಸಿ ನಿಂತರೆ ರೈಲಿನ ಉದ್ದಕ್ಕೆ ಎರಡೂ ಕಡೆ 12 ಡಿಗ್ರಿಯ ಆಸರೆ ಸಿಗುತ್ತದೆ. ಅದೇ ಮೈ, ಅದೇ ಬಲ. ನಿಲ್ಲುವ ಭಂಗಿಯಷ್ಟೇ ಬೇರೆ.

ಭಂಗಿ ಒಂದೇ ಆದರೂ ಎಲ್ಲರ ಸ್ಥಿರತೆ ಒಂದೇ ಅಲ್ಲ. ಕಣಕಾಲು, ತೊಡೆ, ಸೊಂಟಗಳ ಸ್ನಾಯುಬಲ ಮುಖ್ಯ. ಆ ಬಲ ಎಷ್ಟು ಬೇಗ ಒದಗುತ್ತದೆ ಎಂಬುದು ಇನ್ನೂ ಮುಖ್ಯ. ಹಿಂದೊಮ್ಮೆ ಕಾಲು ಉಳುಕಿದ್ದರೆ ನೋವು ಹೋದ ಮೇಲೂ ಆ ಕೀಲಿನ ಸುದ್ದಿ ಮಂದವಾಗಿಯೇ ಉಳಿಯಬಹುದು. ಆಟವಾಡಿ ದಣಿದ ಮೀನಖಂಡ, ನಿದ್ದೆಗೆಟ್ಟ ರಾತ್ರಿ, ಮದ್ಯ ಇವೆಲ್ಲ ಓಲಾಟವನ್ನು ಹೆಚ್ಚಿಸುತ್ತವೆ. ಪರೀಕ್ಷೆಗೆಂದು ರಾತ್ರಿಯಿಡೀ ಎದ್ದು ಓದಿದವರು ಮರುದಿನ ಬೈಕ್ ಹತ್ತುವ ಮುನ್ನ ಈ ಮಾತು ನೆನಪಿಡಬೇಕು.

ದೇಹದ ಕಥೆ ಇಷ್ಟಾದರೆ ಮನಸ್ಸಿನದು ಇನ್ನೂ ಕುತೂಹಲದ್ದು. ನಿಲ್ಲುವುದು ತನ್ನಷ್ಟಕ್ಕೆ ನಡೆಯುವ ಕೆಲಸವೆಂದು ಬಹುಕಾಲ ನಂಬಲಾಗಿತ್ತು. ಆದರೆ ಅದೂ ಮೆದುಳಿನ ಗಮನದಲ್ಲಿ ಪಾಲು ಕೇಳುತ್ತದೆ. ಒಂದೇ ಕಾಲಲ್ಲಿ ನಿಂತು ನೂರರಿಂದ ಏಳೇಳು ಕಳೆಯುತ್ತಾ ಹೋಗಿ. ಲೆಕ್ಕವೋ ಕಾಲೋ ಯಾವುದಾದರೊಂದು ತಡವರಿಸಬಹುದು. ಹಾಗೆಂದು ನಿಲ್ಲುವುದರ ಮೇಲೇ ಪೂರ್ತಿ ಗಮನ ನೆಟ್ಟರೆ ಒಳ್ಳೆಯದೆಂದಲ್ಲ. 1998ರಲ್ಲಿ ಸಂಶೋಧಕಿ ಗೇಬ್ರಿಯೆಲ್ ವುಲ್ಫ್ ಮತ್ತು ಸಂಗಡಿಗರು ಅತ್ತಿತ್ತ ವಾಲುವ ಹಲಗೆಯ ಮೇಲೆ ಜನರನ್ನು ನಿಲ್ಲಿಸಿ, ಕೆಲವರಿಗೆ ತಮ್ಮ ಪಾದಗಳ ಮೇಲೆ, ಉಳಿದವರಿಗೆ ಪಾದದ ಮುಂದೆ ಹಲಗೆಯ ಮೇಲಿದ್ದ ಗುರುತುಗಳ ಮೇಲೆ ಗಮನವಿಡಲು ಹೇಳಿದರು. ಹೆಚ್ಚು ಚೆನ್ನಾಗಿ ಕಲಿತವರು ಗುರುತುಗಳ ಮೇಲೆ ಗಮನವಿಟ್ಟವರು. ತನ್ನ ಕಾಲನ್ನೇ ಕಾಯುತ್ತಾ ನಿಂತರೆ ತಾನಾಗಿ ನಡೆಯುವ ತಿದ್ದುಪಡಿಗೆ ನಾವೇ ಅಡ್ಡಬಂದಂತೆ. ಭಯವೂ ಹೀಗೆಯೇ ಕೆಲಸ ಮಾಡುತ್ತದೆ. ಎತ್ತರದ ಅಂಚಿನಲ್ಲಿ ನಿಂತವರ ಕಣಕಾಲು ಬಿಗಿಯಾಗಿ, ಓಲಾಟ ಚಿಕ್ಕದಾಗಿ, ವೇಗ ಹೆಚ್ಚುತ್ತದೆ.

ಮೊಬೈಲು ನಮ್ಮ ಸ್ಥಿರತೆಯನ್ನು ಕಸಿದುಕೊಳ್ಳುವುದು ಇಲ್ಲಿಯೇ. ಪರದೆಯೂ ನಮ್ಮೊಂದಿಗೇ ಅಲುಗುವುದರಿಂದ ಮೈ ವಾಲಿದ್ದನ್ನು ಕಣ್ಣು ಸರಿಯಾಗಿ ಹೇಳಲಾರದು. ಗಮನ ಬೇರೆಡೆ ಹರಿದಿರುತ್ತದೆ. ಕೈಗಳೂ ಬಿಡುವಾಗಿಲ್ಲ. ಕೈಯ ಬೆಲೆ ಎಷ್ಟೆಂಬುದನ್ನು ಸಂಶೋಧಕರಾದ ಜಾನ್ ಜೆಕಾ ಮತ್ತು ಜೇಮ್ಸ್ ಲ್ಯಾಕ್ನರ್ 1994ರಲ್ಲಿ ತೋರಿಸಿದರು. ಗಟ್ಟಿಯಾದ ವಸ್ತುವೊಂದಕ್ಕೆ ಬೆರಳ ತುದಿಯನ್ನು ನೂರು ಗ್ರಾಂ ತೂಕಕ್ಕಿಂತ ಹಗುರಾಗಿ ತಾಗಿಸಿದರೂ ಸಾಕು, ಓಲಾಟ ಗಣನೀಯವಾಗಿ ಇಳಿಯುತ್ತದೆ. ಆ ಸ್ಪರ್ಶ ಮೈಯನ್ನು ಎತ್ತಿ ಹಿಡಿಯಲಾರದು. ಮೆದುಳಿಗೆ ನಂಬಲು ನಾಲ್ಕನೆಯ ಸುದ್ದಿಯೊಂದು ಸಿಗುತ್ತದೆ, ಅಷ್ಟೇ. ರೈಲಿನ ಕಂಬವನ್ನು ಬಿಗಿಯಾಗಿ ಅಪ್ಪಿಕೊಳ್ಳದಿದ್ದರೂ ಸರಿ, ಕೈ ಅದರ ಮೇಲಿರಲಿ.

ಅಭ್ಯಾಸ ಈ ಯಂತ್ರವನ್ನು ಎಲ್ಲಿಗೆ ಒಯ್ಯಬಲ್ಲದೆಂಬುದಕ್ಕೆ ನಮ್ಮಲ್ಲಿ ಬೆಂಗಳೂರು ಕರಗಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಚೈತ್ರ ಪೂರ್ಣಿಮೆಯ ರಾತ್ರಿ ಧರ್ಮರಾಯನ ಗುಡಿಯಿಂದ ಹೊರಡುವ ಕರಗಧಾರಿ ಮಲ್ಲಿಗೆಯ ಗೋಪುರವನ್ನು ತಲೆಯ ಮೇಲೆ ಹೊತ್ತು, ಅದಕ್ಕೆ ಕೈ ತಾಗಿಸದೆ, ಕತ್ತಿ ಹಿಡಿದ ವೀರಕುಮಾರರ ನಡುವೆ ಪೇಟೆಯ ಬೀದಿಗಳಲ್ಲಿ ಬೆಳಗಿನವರೆಗೆ ಸಾಗುತ್ತಾರೆ. ಭಾರ ಮೇಲಿದ್ದಷ್ಟೂ ಗುರುತ್ವ ಕೇಂದ್ರ ಮೇಲೇರುತ್ತದೆ, ತಪ್ಪಿಗೆ ಎಡೆ ಕಿರಿದಾಗುತ್ತದೆ. ಜನಜಂಗುಳಿ, ವಾದ್ಯ, ನಿದ್ದೆಯಿಲ್ಲದ ರಾತ್ರಿ ಇವೆಲ್ಲದರ ನಡುವೆಯೂ ಮಂಡಿ, ಸೊಂಟಗಳು ಅಲುಗಾಟವನ್ನು ನುಂಗಿ ತಲೆಯನ್ನು ನೆಟ್ಟಗೆ ಇಡುತ್ತವೆ. ಭಕ್ತಿಯ ಜೊತೆಗೆ ಅದರ ಹಿಂದಿರುವುದು ತಿಂಗಳುಗಟ್ಟಲೆಯ ಸಾಧನೆ.

ನಮಗೆ ಬೇಕಾದ ಸಾಧನೆ ಅಷ್ಟು ಕಠಿಣವಲ್ಲ. ಬರಿಗಾಲಲ್ಲಿ, ಗೋಡೆಯ ಪಕ್ಕ, ಒಂಟಿ ಕಾಲಲ್ಲಿ ನಿಂತು ನೋಡಿ. ನಲವತ್ತರೊಳಗಿನ ಆರೋಗ್ಯವಂತರು ಕಣ್ಣು ತೆರೆದು ಸರಾಸರಿ 40 ಸೆಕೆಂಡಿಗೂ ಹೆಚ್ಚು ನಿಲ್ಲಬಲ್ಲರು. ಕಣ್ಣು ಮುಚ್ಚಿದರೆ ಅದು ಸುಮಾರು 10 ಸೆಕೆಂಡಿಗೆ ಇಳಿಯುತ್ತದೆ. ದಿನವೂ ಹಲ್ಲುಜ್ಜುವಾಗ ಕಣ್ಣು ತೆರೆದೇ ಕಾಲು ಬದಲಿಸಿ ನಿಂತರೂ ಸಾಕು, ಕಣಕಾಲೂ ಮೆದುಳೂ ಒಟ್ಟಿಗೆ ಕಲಿಯುತ್ತವೆ. ಹರೆಯದಲ್ಲಿ ಸಮತೋಲನ ಪುಕ್ಕಟೆ ಸಿಕ್ಕಿದಂತೆ ತೋರುತ್ತದೆ, ಹಾಗಾಗಿ ಯಾರೂ ಅದನ್ನು ಬೆಳೆಸಲು ಹೋಗುವುದಿಲ್ಲ. ವಯಸ್ಸಾದಾಗ ಬಿದ್ದು ಸೊಂಟ ಮುರಿದುಕೊಂಡ ಹಿರಿಯರನ್ನು ಕಂಡ ಪ್ರತಿ ಮನೆಗೂ ಅದರ ಬೆಲೆ ಗೊತ್ತು. ಆ ಗಂಟನ್ನು ಕೂಡಿಡಲು ಸರಿಯಾದ ವಯಸ್ಸು ಇಪ್ಪತ್ತು.