ಮುನ್ನೂರು ಪ್ರಶ್ನೆಗಳ ಮುಂದೆ ಕಂಠಪಾಠ ನಿಲ್ಲುವುದಿಲ್ಲ

ರಷ್ಯಾ, ಜಾರ್ಜಿಯಾ, ಕಿರ್ಗಿಸ್ತಾನ, ಫಿಲಿಪ್ಪೀನ್ಸ್ ಎಂದು ಹೋಗಿ ಐದಾರು ವರ್ಷ ವೈದ್ಯಕೀಯ ಓದಿ ಬಂದವರನ್ನು ಊರಿನವರು ಬಸ್ ಇಳಿಯುತ್ತಲೇ ‘ಡಾಕ್ಟ್ರೇ’ ಎಂದು ಕರೆಯತೊಡಗುತ್ತಾರೆ. ಸರ್ಕಾರವೂ ಹಾಗೆ ಒಪ್ಪಬೇಕಾದರೆ ಇನ್ನೊಂದು ಪರೀಕ್ಷೆ ದಾಟಬೇಕು. ಅದೇ ಎಫ್‌ಎಂಜಿಇ, ವಿದೇಶಿ ವೈದ್ಯಕೀಯ ಪದವೀಧರರಿಗೆ 2002ರಿಂದ ನಡೆಯುತ್ತಿರುವ ಪರೀಕ್ಷೆ. ವರ್ಷಕ್ಕೆ ಎರಡು ಸಲ ನಡೆಯುವ ಇದರಲ್ಲಿ ಪಾಸಾಗಿ, ಇಲ್ಲಿ ಇಂಟರ್ನ್‌ಶಿಪ್ ಮುಗಿಸಿದ ಮೇಲಷ್ಟೇ ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಕಾಯಂ ನೋಂದಣಿ. ಬಹುತೇಕ ವರ್ಷಗಳಲ್ಲಿ ಬರೆದವರ ಪೈಕಿ ನಾಲ್ಕನೇ ಒಂದು ಭಾಗವೂ ಪಾಸಾಗಿಲ್ಲ.

ತಪ್ಪೆಲ್ಲ ವಿದೇಶದ ಕಾಲೇಜುಗಳದ್ದು ಎನ್ನುವುದು ಸುಲಭ. ಸ್ವಲ್ಪ ಮಟ್ಟಿಗೆ ನಿಜವೂ ಹೌದು. ರೋಗಿಯ ಭಾಷೆ ಬಾರದೆ ವಾರ್ಡಿನ ಮೂಲೆಯಲ್ಲಿ ನಿಂತು ಬಂದವರು ಎಷ್ಟೋ ಮಂದಿ. ಆದರೆ ಊರಿಗೆ ಮರಳಿದ ಮೇಲಿನ ಓದೂ ಅಷ್ಟೇ ಹೊಣೆ ಎಂಬುದು ನನ್ನ ಅಭಿಪ್ರಾಯ. ಹತ್ತೊಂಬತ್ತು ಸಬ್ಜೆಕ್ಟಿನ ವಿಡಿಯೊಗಳನ್ನು ದುಪ್ಪಟ್ಟು ವೇಗದಲ್ಲಿ ನೋಡಿ ಮುಗಿಸುವುದು, ‘ಹೈ ಯೀಲ್ಡ್’ ಎಂದು ಯಾರೋ ಮಾಡಿಕೊಟ್ಟ ಪಟ್ಟಿಗೆ ಬಣ್ಣ ಬಳಿಯುವುದು, ಮತ್ತೆ ಅದೇ ಪಟ್ಟಿ ಓದುವುದು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಪ್ರಶ್ನೆಪತ್ರಿಕೆಯ ಲೆಕ್ಕ ನೋಡಿ. ಒಟ್ಟು 300 ಪ್ರಶ್ನೆ, 300 ಅಂಕ. ಅದರಲ್ಲಿ 100 ಅಂಕ ಮೂಲ ವಿಷಯಗಳಿಗೆ ಮೀಸಲು: ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿಗೆ ತಲಾ 17, ಪೆಥಾಲಜಿ, ಮೈಕ್ರೋಬಯಾಲಜಿ, ಫಾರ್ಮಕಾಲಜಿಗೆ ತಲಾ 13, ಫೊರೆನ್ಸಿಕ್‌ಗೆ 10. ಉಳಿದ 200 ಕ್ಲಿನಿಕಲ್. ಮೊದಲೆರಡು ವರ್ಷದ ಪಾಠ ಯಾವತ್ತೋ ಮರೆತುಹೋಗಿದೆ ಎಂದು ಮೂಲ ವಿಷಯ ಬಿಟ್ಟು ಮೆಡಿಸಿನ್, ಸರ್ಜರಿ ಹಿಡಿದು ಕೂರುವವರು ಆ ನೂರು ಅಂಕವನ್ನಷ್ಟೇ ಕಳೆದುಕೊಳ್ಳುವುದಿಲ್ಲ. ಮೆಡಿಸಿನ್ ಅರ್ಥವಾಗುವ ದಾರಿಯನ್ನೂ ಮುಚ್ಚಿಕೊಳ್ಳುತ್ತಾರೆ.

ನಮ್ಮ ಜಿಲ್ಲಾ ಆಸ್ಪತ್ರೆಗಳ ತುರ್ತು ವಿಭಾಗ ಚೆನ್ನಾಗಿ ಬಲ್ಲ ಒಂದು ಪ್ರಕರಣವನ್ನೇ ತೆಗೆದುಕೊಳ್ಳಿ. ಹೊಲಕ್ಕೆ ಹೊಡೆಯುವ ಆರ್ಗನೋಫಾಸ್ಫೇಟ್ ಕೀಟನಾಶಕ ಕುಡಿದವರನ್ನು ಕರೆತಂದಿದ್ದಾರೆ. ಬಾಯಲ್ಲಿ ಜೊಲ್ಲು, ಮೈತುಂಬ ಬೆವರು, ಕಣ್ಣಿನ ಪಾಪೆ ಸಾಸಿವೆಯಷ್ಟು ಕಿರಿದು, ಎದೆಯಲ್ಲಿ ಗೊರಗೊರ ಸದ್ದು, ಮಾಂಸಖಂಡಗಳಲ್ಲಿ ಅದುರು. ವಿದ್ಯಾರ್ಥಿಗಳು ಇದನ್ನು ‘ಸ್ಲಡ್ಜ್’ ಎಂಬ ಸಂಕ್ಷೇಪದಲ್ಲಿ ಬಾಯಿಪಾಠ ಮಾಡಿರುತ್ತಾರೆ. ಪ್ರಶ್ನೆ ಹಾಗೆ ಬರುವುದಿಲ್ಲ. ‘ಅಟ್ರೋಪಿನ್ ಸಾಕಷ್ಟಾಗಿದೆ ಎಂದು ಯಾವುದರಿಂದ ತಿಳಿಯುತ್ತೀರಿ?’ ಎಂದು ಬರುತ್ತದೆ. ಪಾಪೆ ಹಿಗ್ಗಿತೇ, ಅದುರು ನಿಂತಿತೇ, ಎದೆ ಒಣಗಿತೇ? ಸಂಕ್ಷೇಪ ಇಲ್ಲಿ ಕೈಕೊಡುತ್ತದೆ.

ಬಯೋಕೆಮಿಸ್ಟ್ರಿಯಿಂದ ಬಂದರೆ ಉತ್ತರ ತಾನಾಗಿ ಸಿಗುತ್ತದೆ. ನರದ ತುದಿಯಲ್ಲಿ ಸುರಿಯುವ ಅಸಿಟೈಲ್‌ಕೋಲಿನನ್ನು ಒಡೆಯುವ ಕಿಣ್ವವೊಂದಿದೆ. ವಿಷ ಅದಕ್ಕೆ ಅಂಟಿಕೊಂಡು ಕೆಲಸ ನಿಲ್ಲಿಸುತ್ತದೆ. ಒಡೆಯುವವರಿಲ್ಲದೆ ಅಸಿಟೈಲ್‌ಕೋಲಿನ್ ರಾಶಿಬೀಳುತ್ತದೆ. ಫಿಸಿಯಾಲಜಿ ಇಲ್ಲಿ ಸೇರಿಕೊಳ್ಳುತ್ತದೆ. ಆ ರಾಶಿ ಎರಡು ಬಗೆಯ ಗ್ರಾಹಕಗಳನ್ನು ತಟ್ಟುತ್ತದೆ. ಜೊಲ್ಲು, ಕಫ, ಕಿರಿದಾದ ಪಾಪೆ, ನಿಧಾನವಾದ ನಾಡಿ ಮಸ್ಕರಿನಿಕ್ ಕಡೆಯವು. ಅದುರು, ಆಮೇಲೆ ಬರುವ ಸ್ನಾಯುಗಳ ಸೋಲು ನಿಕೋಟಿನಿಕ್ ಕಡೆಯವು. ಅಟ್ರೋಪಿನ್ ಮುಚ್ಚುವುದು ಮಸ್ಕರಿನಿಕ್ ಬಾಗಿಲನ್ನು ಮಾತ್ರ, ಹಾಗಾಗಿ ಅದುರು ಅದಕ್ಕೆ ಬಗ್ಗದು. ರೋಗಿ ಸಾಯುವುದು ಮುಖ್ಯವಾಗಿ ಉಸಿರಾಟ ಸೋತು. ಆದ್ದರಿಂದ ನೋಡಬೇಕಾದ್ದು ಶ್ವಾಸಕೋಶದಲ್ಲಿ ತುಂಬಿದ ಸ್ರಾವ ಒಣಗಿತೇ ಎಂದು. ಇನ್ನು ಪ್ರಾಲಿಡಾಕ್ಸಿಮ್ ಏಕೆ ಬೇಗ ಕೊಡಬೇಕು? ವಿಷ ಮತ್ತು ಕಿಣ್ವದ ಬೆಸುಗೆ ಹೊತ್ತು ಕಳೆದಂತೆ ಗಟ್ಟಿಯಾಗಿ, ಬಿಡಿಸಲಾಗದ ಸ್ಥಿತಿಗೆ ಹೋಗುತ್ತದೆ. (ಈ ಔಷಧದಿಂದ ನಿಜಕ್ಕೂ ಎಷ್ಟು ಪ್ರಯೋಜನ ಎಂಬ ಬಗ್ಗೆ ವೈದ್ಯರಲ್ಲಿ ಒಮ್ಮತವಿಲ್ಲ. ಪರೀಕ್ಷೆಯ ಮಟ್ಟಿಗೆ ಆ ಜಗಳಕ್ಕೆ ಹೋಗುವುದು ಬೇಡ.) ಬಯೋಕೆಮಿಸ್ಟ್ರಿ, ಫಿಸಿಯಾಲಜಿ, ಫಾರ್ಮಕಾಲಜಿ, ಫೊರೆನ್ಸಿಕ್, ಮೆಡಿಸಿನ್, ಐದು ವಿಷಯಗಳ ರಿವಿಷನ್ ಒಬ್ಬ ರೋಗಿಯ ಪಕ್ಕದಲ್ಲೇ ಮುಗಿಯಿತು.

ಮಧುಮೇಹದ ಕೀಟೊಅಸಿಡೋಸಿಸ್‌ನಲ್ಲೂ ಇದೇ ಕಥೆ. ರಕ್ತದ ವರದಿಯಲ್ಲಿ ಪೊಟ್ಯಾಸಿಯಂ ಸರಿಯಾಗಿದೆ, ಕೆಲವೊಮ್ಮೆ ಹೆಚ್ಚೇ ಇದೆ. ಆದರೂ ಡ್ರಿಪ್‌ನಲ್ಲಿ ಪೊಟ್ಯಾಸಿಯಂ ಸೇರಿಸುತ್ತಾರೆ. ಏಕೆಂದರೆ ಇನ್ಸುಲಿನ್ ಇಲ್ಲದೆ ಜೀವಕೋಶದ ಒಳಗಿನದು ರಕ್ತಕ್ಕೆ ಸೋರಿ, ಅಲ್ಲಿಂದ ಮೂತ್ರದಲ್ಲಿ ಹರಿದುಹೋಗಿರುತ್ತದೆ. ಒಟ್ಟು ದೇಹದಲ್ಲಿ ಕೊರತೆ. ಇನ್ಸುಲಿನ್ ಕೊಟ್ಟೊಡನೆ ರಕ್ತದಲ್ಲಿ ಉಳಿದದ್ದೂ ಕೋಶದೊಳಗೆ ನುಗ್ಗಿದರೆ ಹೃದಯದ ಲಯ ತಪ್ಪುತ್ತದೆ. ಈ ಓಡಾಟ ಅರ್ಥವಾದವರಿಗೆ ‘ಪೊಟ್ಯಾಸಿಯಂ ತೀರಾ ಕಡಿಮೆಯಿದ್ದರೆ ಇನ್ಸುಲಿನ್ ತಡೆಯಿರಿ’ ಎಂಬ ನಿಯಮವನ್ನು ಉರುಹೊಡೆಯುವ ಅಗತ್ಯವೇ ಬೀಳದು.

ಹೊರದೇಶದಲ್ಲಿ ಓದಿದವರಿಗೆ ನಿಜವಾದ ಪೆಟ್ಟು ಬೀಳುವುದು ಪಿಎಸ್ಎಂನಲ್ಲಿ, ಅಂದರೆ ಸಮುದಾಯ ವೈದ್ಯಕೀಯದಲ್ಲಿ. ಅದಕ್ಕೆ 30 ಅಂಕ, ಹೆರಿಗೆ ಮತ್ತು ಸ್ತ್ರೀರೋಗಕ್ಕೆ ಇರುವಷ್ಟೇ. ನಮ್ಮ ಲಸಿಕಾ ವೇಳಾಪಟ್ಟಿ, ಕ್ಷಯ ನಿಯಂತ್ರಣ, ಆಶಾ ಕಾರ್ಯಕರ್ತೆಯ ಕೆಲಸ, ಇವನ್ನು ಅಲ್ಲಿನ ಪ್ರೊಫೆಸರ್ ಏಕೆ ಕಲಿಸಿಯಾರು? ಮಂಗನ ಕಾಯಿಲೆಯನ್ನೇ ನೋಡಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು, ವೈದ್ಯಕೀಯ ಜಗತ್ತಿಗೆ ಅದೇ ಹೆಸರಿನಿಂದ ಪರಿಚಿತ. ಹರಡುವುದು ಉಣ್ಣೆಹುಳು ಕಚ್ಚಿ, ಸಾಯುವ ಮಂಗ ಮುನ್ಸೂಚನೆ, ಮನುಷ್ಯನಿಂದ ಮನುಷ್ಯನಿಗೆ ಹಬ್ಬದು. ಮಲೆನಾಡಿನ ವಿದ್ಯಾರ್ಥಿಗೆ ಇದು ಮನೆಯಲ್ಲಿ ಕೇಳಿದ ವಿಷಯ. ಆದರೂ ಪುಸ್ತಕದಲ್ಲಿ ಇಂಗ್ಲಿಷ್ ಹೆಸರು ಕಂಡಾಗ ಎರಡನ್ನೂ ಜೋಡಿಸಿಕೊಳ್ಳದೆ ಹೊಸದಾಗಿ ಬಾಯಿಪಾಠ ಮಾಡುವವರಿದ್ದಾರೆ!

ಫೊರೆನ್ಸಿಕ್‌ನ ಹತ್ತು ಅಂಕಕ್ಕೆ ಒಂದೇ ಎಚ್ಚರಿಕೆ. ಅಣ್ಣನೋ ಅಕ್ಕನೋ ಕೊಟ್ಟ ಹಳೆಯ ನೋಟ್ಸ್ ನಂಬಬೇಡಿ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿದೆ. ಕೊಲೆಯ ಶಿಕ್ಷೆ 302 ಅಲ್ಲ, 103. ನಿರ್ಲಕ್ಷ್ಯದಿಂದಾದ ಸಾವು 304ಎ ಅಲ್ಲ, 106.

ಅರ್ಥ ಮಾಡಿಕೊಂಡದ್ದೂ ಮರೆಯುತ್ತದೆಯಲ್ಲ ಎಂದು ಕೇಳಬಹುದು. ಮರೆಯುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ಉಪಯುಕ್ತ. ಒಂದು ಗುಂಪು ಪಾಠವನ್ನು ಮತ್ತೆ ಓದಿತು. ಇನ್ನೊಂದು ಗುಂಪು ಪಾಠ ಮುಚ್ಚಿಟ್ಟು ನೆನಪಾದದ್ದನ್ನು ಬರೆಯಿತು. ಐದು ನಿಮಿಷದ ನಂತರ ಮತ್ತೆ ಓದಿದವರೇ ಮುಂದಿದ್ದರು. ವಾರದ ನಂತರ ಅವರ ನೆನಪಿನಲ್ಲಿ ಉಳಿದದ್ದು ಶೇ 42, ಮುಚ್ಚಿಟ್ಟು ಬರೆದವರಲ್ಲಿ ಶೇ 56. ಓದಿದ ಹಿತ ಮೋಸ ಮಾಡುತ್ತದೆ. ಬೆಳಿಗ್ಗೆ ನೋಡಿದ ಪಾಠವನ್ನು ರಾತ್ರಿ ಖಾಲಿ ಹಾಳೆಯ ಮೇಲೆ ಬಿಡಿಸಿ, ತೊಡಕಿದ ಕಡೆ ಮಾತ್ರ ಪುಸ್ತಕ ತೆರೆಯುವುದು ಬೇಸರದ ಕೆಲಸ, ಆದರೆ ಅದೇ ಉಳಿಯುವುದು. ಗ್ರ್ಯಾಂಡ್ ಟೆಸ್ಟ್‌ನ ಅಂಕವನ್ನು ಗೆಳೆಯರಿಗೆ ಕಳಿಸುವುದಕ್ಕಿಂತ, ತಪ್ಪಿದ ಪ್ರತಿ ಪ್ರಶ್ನೆಯ ನಾಲ್ಕು ಆಯ್ಕೆಗಳಲ್ಲಿ ಮೂರು ಏಕೆ ತಪ್ಪು ಎಂದು ಬರೆದಿಡುವುದು ಮೇಲು.

ಎಫ್‌ಎಂಜಿಇ ಜಾಗಕ್ಕೆ ನೆಕ್ಸ್ಟ್ ಪರೀಕ್ಷೆ ಬರಬೇಕೆಂದು 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯ್ದೆಯಲ್ಲಿದೆ. ಅದರ ಹೆಸರು ಹೇಳಿ ಇಂದಿನ ಓದನ್ನು ಮುಂದಕ್ಕೆ ಹಾಕಬೇಡಿ. ಪಾಸಾಗಲು ಬೇಕಾದ್ದು 150 ಅಂಕ. 149 ಬಂದರೂ ಮುಂದಿನ ಸರದಿಯವರೆಗೆ ಕಾಯಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದು ಪ್ರಶ್ನೆಯನ್ನೂ ಖಾಲಿ ಬಿಟ್ಟು ಎದ್ದು ಬರಬೇಡಿ.