ಡಾಕ್ಟರ ಮನೋಬಲಕ್ಕೂ ನಿದ್ದೆ ಬೇಕು

ತಾಲ್ಲೂಕು ಆಸ್ಪತ್ರೆಯ ಕ್ಯಾಶುವಾಲಿಟಿಗೆ ರಾತ್ರಿ ಮೂರರ ಹೊತ್ತಿಗೆ ಹಾವು ಕಚ್ಚಿದವರನ್ನು ಕರೆತಂದರೆ ಡ್ಯೂಟಿ ಡಾಕ್ಟರಿಗೆ ಕೈತುಂಬ ಕೆಲಸ. ರಕ್ತ ತೆಗೆದು ಗಾಜಿನ ಟ್ಯೂಬಿಗೆ ಹಾಕಿ, ಅಲುಗಾಡಿಸದೆ 20 ನಿಮಿಷ ಬಿಡಬೇಕು. ಅಷ್ಟರಲ್ಲಿ ಹೆಪ್ಪುಗಟ್ಟದಿದ್ದರೆ ವಿಷ ರಕ್ತಕ್ಕೆ ಏರಿದೆ ಎಂದು ಲೆಕ್ಕ. ಆ್ಯಂಟಿವೆನಮ್ ಹಚ್ಚಿದ ಮೇಲೂ ಅಲರ್ಜಿಯ ಭಯವಿರುವುದರಿಂದ ಮಂಚದ ಪಕ್ಕ ಬಿಟ್ಟು ಕದಲುವಂತಿಲ್ಲ. ನಡುವೆ ಕೇಸ್ ಶೀಟ್ ಬರೆಯಬೇಕು. "ಏನ್ ಸಾರ್, ಸುಮ್ನೆ ನಿಂತಿದೀರಲ್ಲ" ಎಂದು ಏರುದನಿಯಲ್ಲಿ ಕೇಳುವ ನೆಂಟರಿಗೂ ಉತ್ತರ ಕೊಡಬೇಕು.

ಆ ಹೊತ್ತಿನಲ್ಲಿ ವೈದ್ಯರ ಕೈ ನಡುಗದಂತೆ ನೋಡಿಕೊಳ್ಳುವುದು ಬರೀ ಎಂಬಿಬಿಎಸ್ ಓದಲ್ಲ. ಅಮೆರಿಕದ ನಿರ್ವಹಣಾ ತಜ್ಞ ಫ್ರೆಡ್ ಲುಥಾನ್ಸ್ ಇದನ್ನು ಮಾನಸಿಕ ಬಂಡವಾಳ ಎಂದು ಕರೆದು ನಾಲ್ಕು ಗುಣಗಳನ್ನು ಗುರುತಿಸಿದರು: ನನ್ನಿಂದ ಆಗುತ್ತದೆಂಬ ವಿಶ್ವಾಸ, ಒಂದು ದಾರಿ ಮುಚ್ಚಿದರೆ ಇನ್ನೊಂದನ್ನು ಹುಡುಕುವ ಭರವಸೆ, ಆಶಾವಾದ, ಬಿದ್ದರೂ ಎದ್ದು ನಿಲ್ಲುವ ಶಕ್ತಿ. ಇವು ಹುಟ್ಟುಗುಣಗಳಲ್ಲ, ಬೆಳೆಸಿಕೊಳ್ಳಬಹುದು ಎಂಬುದು ಅವರ ವಾದದ ಮುಖ್ಯ ಭಾಗ. ಬೆಳೆಸಬಹುದಾದದ್ದನ್ನು ಬತ್ತಿಸಲೂಬಹುದು ಎನ್ನುವುದನ್ನು ಮಾತ್ರ ನಮ್ಮ ಆಸ್ಪತ್ರೆಗಳು ಮರೆತಂತಿದೆ. ಜುಲೈ 1ರ ವೈದ್ಯರ ದಿನ ಒಂದು ಹೂಗುಚ್ಛ, ಒತ್ತಡ ನಿವಾರಣೆಯ ಒಂದು ಉಪನ್ಯಾಸ. ಅದನ್ನು ಕೇಳುತ್ತ ಹಿಂದಿನ ಸಾಲಿನಲ್ಲಿ ತೂಕಡಿಸುವವರು ರಾತ್ರಿ ಡ್ಯೂಟಿ ಮುಗಿಸಿ ಬಂದ ಪಿಜಿಗಳು, ಅಂದರೆ ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿಗಳು!

ದಣಿವು ಮಿತಿ ಮೀರಿದಾಗ ಏನಾಗುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನಾ ಮಾಸ್ಲಾಕ್ ವಿವರವಾಗಿ ಹೇಳಿದ್ದಾರೆ. ಮೊದಲು ಮೈಮನ ಬಸವಳಿಯುತ್ತದೆ. ಆಮೇಲೆ ರಂಗಮ್ಮ ಹೋಗಿ 'ಬೆಡ್ ನಂಬರ್ 12' ಆಗುತ್ತಾರೆ. ಎಷ್ಟು ಮಾಡಿದರೂ ಇಷ್ಟೇ ಎಂಬ ಭಾವವೂ ಜೊತೆಗೂಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಈ ಬರ್ನೌಟನ್ನು ಕಾಯಿಲೆಗಳ ಪಟ್ಟಿಗೆ ಹಾಕದೆ, ಕೆಲಸಕ್ಕೆ ಸಂಬಂಧಿಸಿದ ವಿದ್ಯಮಾನ ಎಂದಿತು. ಹಾಗಿದ್ದ ಮೇಲೆ ಮದ್ದು ಹುಡುಕಬೇಕಾದ ಮೊದಲ ಜಾಗ ಡ್ಯೂಟಿ ಪಟ್ಟಿ, ವೈದ್ಯರ ತಲೆಯಲ್ಲ.

ಕೇಂದ್ರ ಸರ್ಕಾರ 1992ರಲ್ಲೇ ಕಿರಿಯ ವೈದ್ಯರ ಡ್ಯೂಟಿ ಸಾಮಾನ್ಯವಾಗಿ ಒಂದೇಸಮನೆ 12 ಗಂಟೆ ಮೀರಬಾರದು, ವಾರಕ್ಕೆ ಒಂದು ರಜೆ ಇರಬೇಕು ಎಂದಿತ್ತು. ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ 2024ರಲ್ಲಿ ಪಿಜಿಗಳಿಗೆ ವಾರಕ್ಕೆ ಹೆಚ್ಚೆಂದರೆ 74 ಗಂಟೆ ಎಂದು ಶಿಫಾರಸು ಮಾಡಿತು: 24 ಗಂಟೆಯ ಒಂದು ಡ್ಯೂಟಿ, ಐದು ದಿನ ತಲಾ 10 ಗಂಟೆ, ಒಂದು ದಿನ ರಜೆ. ಬೇರೆ ಯಾವ ಕಚೇರಿಯಲ್ಲಾದರೂ ಇದನ್ನು ಸುಧಾರಣೆ ಎಂದರೆ ಜನ ನಗುತ್ತಾರೆ. ವಾರ್ಡಿನಲ್ಲಿ ಸತತ 36 ಗಂಟೆ ಕಳೆದವರಿಗೆ ಮಾತ್ರ ಅದೂ ದೊಡ್ಡದೇ.

ಗಂಟೆಗಳಷ್ಟೇ ಅಲ್ಲ. ರೋಗಿ ಕೈತಪ್ಪಿದ ಮರುದಿನ ರೌಂಡ್ಸ್‌ನಲ್ಲಿ ಎಲ್ಲರೆದುರು ಗದರುವ ಯೂನಿಟ್ ಚೀಫ್ ಇದ್ದಾರೆ. "ಬಾರಮ್ಮ, ಕಾಫಿ ಕುಡಿದು ಬರೋಣ" ಎಂದು ಕರೆದೊಯ್ದು ಎಲ್ಲಿ ಎಡವಿತೆಂದು ತಿಳಿಸಿ ಹೇಳುವವರೂ ಇದ್ದಾರೆ. ಮುಂದಿನ ಕೇಸಿಗೆ ಧೈರ್ಯವಾಗಿ ಕೈ ಹಾಕುವವಳು ಯಾರ ಶಿಷ್ಯೆ ಎಂದು ಬೇರೆ ಹೇಳಬೇಕೆ?

ಇಷ್ಟಾಗಿಯೂ ಸೋತವರು ತಮ್ಮದೇ ಆಸ್ಪತ್ರೆಯ ಮನೋವೈದ್ಯರ ಓಪಿಡಿಯಲ್ಲಿ ಚೀಟಿ ಹಿಡಿದು ಕೂರಲು ಹಿಂಜರಿಯುತ್ತಾರೆ; ಸಂಜೆಯೊಳಗೆ ಹಾಸ್ಟೆಲಿಗೆಲ್ಲ ಸುದ್ದಿಯಾಗುವ ಅಂಜಿಕೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ, 14416, ಹಗಲೂ ರಾತ್ರಿ ಕನ್ನಡದಲ್ಲೂ ಸಿಗುತ್ತದೆ. ಫೋನ್ ಹಿಡಿದು ಮಾತಾಡಲು ಅರ್ಧ ಗಂಟೆಯ ಬಿಡುವನ್ನು ಮಾತ್ರ ಆಸ್ಪತ್ರೆಯೇ ಕೊಡಬೇಕು.