ಕಣ್ಣಿಗೆ ಕಾಣದ ಸೋರಿಕೆ: ಟೈಲ್ಸ್ ಒಡೆಯುವ ಮೊದಲು ಅಳೆದು ನೋಡಿ

ಹಾಲು ಒಂದು ಲೀಟರ್ ಕಡಿಮೆ ಬಂದರೆ ಹೋಟೆಲಿನವರಾದ ನಮಗೆ ಆ ಕ್ಷಣದಲ್ಲೇ ಗೊತ್ತಾಗುತ್ತದೆ. ಗ್ಯಾಸ್ ಸಿಲಿಂಡರ್ ಎರಡು ದಿನ ಮೊದಲೇ ಮುಗಿದರೆ ಭಟ್ಟರನ್ನು ಕರೆದು ವಿಚಾರಿಸುತ್ತೇವೆ. ಎಣ್ಣೆ, ತೆಂಗಿನಕಾಯಿ, ಈರುಳ್ಳಿ ಎಲ್ಲದಕ್ಕೂ ಪುಸ್ತಕ ಇದೆ. ನೀರಿಗೆ ಮಾತ್ರ ನಮ್ಮಲ್ಲಿ ಹೆಚ್ಚಿನವರ ಹತ್ತಿರ ಲೆಕ್ಕವಿಲ್ಲ. ಬಿಲ್ಲು ಬಂದಾಗ ಕಟ್ಟುತ್ತೇವೆ, ಸಾಲದಿದ್ದರೆ ಟ್ಯಾಂಕರಿನವನಿಗೆ ಫೋನ್ ಮಾಡುತ್ತೇವೆ. ಬಿಲ್ಲು ಏರಿದರೆ "ಹುಡುಗರು ನಳ್ಳಿ ಬಿಟ್ಟುಕೊಂಡೇ ಪಾತ್ರೆ ತೊಳೆಯುತ್ತಾರೆ" ಎಂದು ಅವರ ಮೇಲೆ ರೇಗುತ್ತೇವೆ. ಕೆಲವೊಮ್ಮೆ ಅದು ನಿಜವೂ ಹೌದು. ಆದರೆ ಎಷ್ಟೋ ಸಲ ತಪ್ಪು ಹುಡುಗರದ್ದಲ್ಲ; ಗೋಡೆಯೊಳಗಿನ ಅಥವಾ ನೆಲದಡಿಯ ಪೈಪಿನದ್ದು.

2019ರ ಬೇಸಿಗೆಯಲ್ಲಿ ಚೆನ್ನೈ ನಗರದ ಪೂಂಡಿ, ಚೋಳವರಂ, ರೆಡ್ ಹಿಲ್ಸ್, ಚೆಂಬರಂಬಾಕ್ಕಂ ಜಲಾಶಯಗಳು ಬತ್ತಿದಾಗ ಅಲ್ಲಿಯ ಎಷ್ಟೋ ಹೋಟೆಲುಗಳು ಮಧ್ಯಾಹ್ನದ ಊಟವನ್ನು ಕಡಿತ ಮಾಡಬೇಕಾಯಿತು. ನೀರಿಲ್ಲದೆ ನಮ್ಮ ಉದ್ಯಮವೇ ಇಲ್ಲ ಎಂಬುದನ್ನು ಆ ವರ್ಷ ಎಲ್ಲರೂ ಕಂಡರು. ಮಳೆಯನ್ನು ತರುವುದು ನಮ್ಮ ಕೈಯಲ್ಲಿಲ್ಲ. ದುಡ್ಡು ಕೊಟ್ಟು ತಂದ ನೀರು ಗೋಡೆಯೊಳಗೆ ಇಂಗಿ ಹೋಗದಂತೆ ನೋಡುವುದು ನಮ್ಮ ಕೈಯಲ್ಲಿದೆ.

ಹನಿಯ ಲೆಕ್ಕ

ತೊಟ್ಟಿಕ್ಕುವ ಒಂದು ನಳ್ಳಿಯ ಕೆಳಗೆ 200 ಮಿಲಿ ಲೀಟರಿನ ಗ್ಲಾಸು ಇಡಿ. ಹತ್ತು ನಿಮಿಷದಲ್ಲಿ ಅದು ತುಂಬಿದರೆ ದಿನಕ್ಕೆ ಸುಮಾರು 29 ಲೀಟರ್, ತಿಂಗಳಿಗೆ 860 ಲೀಟರ್ ದಾಟುತ್ತದೆ. ಇದು ಕಣ್ಣಿಗೆ ಕಾಣುವ ಸೋರಿಕೆ, ಯಾರಾದರೂ ಬಂದು ವಾಷರ್ ಬದಲಿಸುತ್ತಾರೆ. ಕಾಣದ ಜಾಗದಲ್ಲಿ ನಿಮಿಷಕ್ಕೆ ಬರೇ ಒಂದು ಲೀಟರ್ ಹೋಗುತ್ತಿದ್ದರೆ ದಿನಕ್ಕೆ 1,440 ಲೀಟರ್, ತಿಂಗಳಿಗೆ 43,200 ಲೀಟರ್. ಅಂದರೆ 10,000 ಲೀಟರಿನ ಟ್ಯಾಂಕರ್ ನಾಲ್ಕಕ್ಕಿಂತ ಹೆಚ್ಚು. ತಾವು ಈಗ ಕೊಡುತ್ತಿರುವ ಟ್ಯಾಂಕರ್ ದರದಿಂದ ಇದನ್ನು ಗುಣಿಸಿ ನೋಡಿ.

ಹೋಟೆಲಿಗೆ ಪಾಲಿಕೆ ಹಾಕುವ ವಾಣಿಜ್ಯ ದರ ಮನೆ ಬಳಕೆಯ ದರಕ್ಕಿಂತ ಹಲವು ಪಟ್ಟು ಹೆಚ್ಚು. ಮುಂಬಯಿಯಲ್ಲಿ ನೀರಿನ ಮೊತ್ತದ ಮೇಲೆ ಒಳಚರಂಡಿ ಶುಲ್ಕವೂ ಸೇರುತ್ತದೆ. ಹಾಗಾಗಿ ಮೋರಿಯನ್ನೇ ಸೇರದೆ ನೆಲದಲ್ಲಿ ಇಂಗಿದ ನೀರಿಗೂ ನಾವು ಮೋರಿಯ ದುಡ್ಡು ಕಟ್ಟುತ್ತಿರುತ್ತೇವೆ.

ಮೀಟರ್ ನಿಂತಿದೆ ಎಂದರೆ ಸೋರಿಕೆ ಇಲ್ಲ ಎಂದಲ್ಲ

"ಎಲ್ಲ ನಳ್ಳಿ ಮುಚ್ಚಿ ಮೀಟರ್ ನೋಡಿ, ತಿರುಗದಿದ್ದರೆ ಸೋರಿಕೆ ಇಲ್ಲ" ಎಂದು ಎಲ್ಲರೂ ಹೇಳುತ್ತಾರೆ. ಇಪ್ಪತ್ತನಾಲ್ಕು ಗಂಟೆಯೂ ನೀರು ಬರುವ ಊರಿಗೆ ಇದು ಸರಿ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದಿಲ್ಲಿಗಳ ಹೆಚ್ಚಿನ ಭಾಗಗಳಲ್ಲಿ ನೀರು ಬರುವುದು ದಿನದ ಕೆಲವೇ ಗಂಟೆ. ಅದು ಮೀಟರ್ ದಾಟಿ ನೆಲದಡಿಯ ಟಾಂಕಿಗೆ ಬೀಳುತ್ತದೆ, ಅಲ್ಲಿಂದ ಪಂಪಿನಲ್ಲಿ ಮೇಲಿನ ಟಾಂಕಿಗೆ ಏರುತ್ತದೆ, ಬಳಿಕ ಇಳಿದು ಅಡುಗೆ ಕೋಣೆಗೆ ಬರುತ್ತದೆ. ನೀರು ಬಾರದ ಹೊತ್ತಿನಲ್ಲಿ ಪೈಪು ಒಡೆದಿದ್ದರೂ ಮೀಟರ್ ನಿಂತೇ ಇರುತ್ತದೆ. ಆದ್ದರಿಂದ ನಮ್ಮ ಪರೀಕ್ಷೆಯನ್ನು ಮೂರು ತುಂಡು ಮಾಡಿಕೊಳ್ಳಬೇಕು.

ಮೊದಲನೆಯದು, ಮೀಟರಿನಿಂದ ನೆಲದಡಿಯ ಟಾಂಕಿಯವರೆಗೆ. ಇದನ್ನು ಪಾಲಿಕೆಯ ನೀರು ಬರುವ ಹೊತ್ತಿನಲ್ಲೇ ಮಾಡಬೇಕು. ಟಾಂಕಿಗೆ ನೀರು ಬೀಳುವ ವಾಲ್ವನ್ನು ಪೂರ್ತಿ ಮುಚ್ಚಿ ಮೀಟರಿನ ಬಳಿ ಹದಿನೈದು ನಿಮಿಷ ನಿಲ್ಲಿ. ಹೆಚ್ಚಿನ ಮೀಟರುಗಳಲ್ಲಿ ನಕ್ಷತ್ರದಂತಹ ಒಂದು ಸಣ್ಣ ಚಕ್ರ ಇರುತ್ತದೆ. ಸ್ವಲ್ಪ ನೀರು ಹರಿದರೂ ಅದು ತಿರುಗುತ್ತದೆ. ವಾಲ್ವ್ ಮುಚ್ಚಿದ ಮೇಲೂ ತಿರುಗಿದರೆ ಸೋರಿಕೆ ಇವೆರಡರ ನಡುವೆ ಇದೆ.

ಎರಡನೆಯದು, ನೆಲದಡಿಯ ಟಾಂಕಿ. ರಾತ್ರಿ ಹೋಟೆಲ್ ಮುಚ್ಚಿದ ಮೇಲೆ ಒಳಗೆ ಬರುವ ವಾಲ್ವ್ ಮುಚ್ಚಿ, ಪಂಪಿನ ಸ್ವಿಚ್ ಆರಿಸಿ. ಒಂದು ಕೋಲು ಇಳಿಸಿ ನೀರಿನ ಮಟ್ಟಕ್ಕೆ ಗುರುತು ಹಾಕಿ. ಬೆಳಿಗ್ಗೆ ಹಾಲಿನ ಗಾಡಿ ಬರುವ ಮೊದಲು ಮತ್ತೆ ನೋಡಿ. 3 ಮೀಟರ್ ಉದ್ದ, 2 ಮೀಟರ್ ಅಗಲದ ಟಾಂಕಿಯಲ್ಲಿ ಒಂದು ಸೆಂಟಿಮೀಟರ್ ಇಳಿದರೆ 60 ಲೀಟರ್ ಹೋಯಿತು ಎಂದು ಅರ್ಥ. ಆರು ಗಂಟೆಯಲ್ಲಿ ಐದು ಸೆಂಟಿಮೀಟರ್ ಇಳಿದಿದ್ದರೆ 300 ಲೀಟರ್. ದಿನಕ್ಕೆ 1,200 ಲೀಟರ್.

ಮೂರನೆಯದು, ಮೇಲಿನ ಟಾಂಕಿ ಮತ್ತು ಅದರಿಂದ ಇಳಿಯುವ ಪೈಪುಗಳು. ಇದಕ್ಕೆ ಎರಡು ರಾತ್ರಿ ಬೇಕು, ಎರಡೂ ರಾತ್ರಿ ಪಂಪ್ ಆರಿರಬೇಕು. ಮೊದಲ ರಾತ್ರಿ ಟಾಂಕಿಯಿಂದ ಹೊರಡುವ ವಾಲ್ವ್ ಮುಚ್ಚಿ ಮಟ್ಟ ನೋಡಿ. ಇಳಿದರೆ ಟಾಂಕಿಯೇ ಸೋರುತ್ತಿದೆ. ಎರಡನೇ ರಾತ್ರಿ ವಾಲ್ವ್ ತೆರೆದಿಟ್ಟು ಕೆಳಗಿನ ನಳ್ಳಿಗಳನ್ನೆಲ್ಲ ಮುಚ್ಚಿ ನೋಡಿ. ಆಗ ಮಾತ್ರ ಇಳಿದರೆ ತಪ್ಪು ಪೈಪಿನಲ್ಲೋ ಫ್ಲಷ್ ಟಾಂಕಿಯಲ್ಲೋ ಇದೆ. ಟಾಂಕಿ ಸೊಸೈಟಿಯದ್ದಾಗಿದ್ದು ಎಲ್ಲರಿಗೂ ಸೇರಿದ್ದಾದರೆ ತಮ್ಮ ಹೋಟೆಲಿಗೆ ಬರುವ ಪೈಪಿಗೆ ಬೇರೆ ಒಂದು ಸಣ್ಣ ಮೀಟರ್ ಹಾಕಿಸಿಕೊಳ್ಳುವುದು ಒಳ್ಳೆಯದು. ಮೇಲಿನ ಟಾಂಕಿಯಲ್ಲಿ ಸದಾ ನೀರು ಇರುವುದರಿಂದ ಈ ಮೀಟರ್ ಸುಳ್ಳು ಹೇಳುವುದಿಲ್ಲ.

ಬಾಲ್ ವಾಲ್ವ್ ಕೆಟ್ಟು ಟಾಂಕಿ ತುಂಬಿ ಹರಿಯುವುದನ್ನು ಮರೆಯಬಾರದು. ಹೆಚ್ಚಾದ ನೀರು ಹೋಗುವ ಪೈಪಿನ ಬಾಯಿ ಮೋರಿಯೊಳಗೇ ಇದ್ದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಆ ಪೈಪನ್ನು ಹೊರಗೆ, ಎಲ್ಲರಿಗೂ ಕಾಣುವಲ್ಲಿ ಬಿಡಿಸಿ.

ಯಾವ ನೀರು ಎಂದು ಮೊದಲು ತಿಳಿಯಿರಿ

ಛಾವಣಿಯಲ್ಲಿ ಕಲೆ ಕಂಡ ಕೂಡಲೇ ಮೇಲಿನ ಮನೆಯವರ ಬಾಗಿಲು ತಟ್ಟುವುದು ನಮ್ಮ ರೂಢಿ. ಅವರು "ನಮ್ಮಲ್ಲಿ ಏನೂ ಇಲ್ಲ" ಎನ್ನುತ್ತಾರೆ, ಮಾತು ಬೆಳೆಯುತ್ತದೆ, ಸೊಸೈಟಿಗೆ ಪತ್ರ ಹೋಗುತ್ತದೆ. ಮಾಟುಂಗಾ, ದಾದರ್, ಫೋರ್ಟ್ ಕಡೆಯ ಹಳೆಯ ಕಟ್ಟಡಗಳ ನೆಲಮಾಳಿಗೆಯಲ್ಲಿ ಹೋಟೆಲ್ ನಡೆಸುವವರಿಗೆ ಇದು ಹೊಸತಲ್ಲ. ಜಗಳಕ್ಕೆ ಮೊದಲು ಒಂದು ವಾರ ತಾಳ್ಮೆಯಿಂದ ಆ ಕಲೆಯನ್ನು ಗಮನಿಸಿ. ಪೆನ್ಸಿಲಿನಿಂದ ಅದರ ಅಂಚಿಗೆ ಗೆರೆ ಎಳೆದು ತಾರೀಕು ಬರೆದಿಡಿ.

ಹಗಲು ರಾತ್ರಿ ಒಂದೇ ಸಮ ಒದ್ದೆ ಇದ್ದು ಕಲೆ ದೊಡ್ಡದಾಗುತ್ತ ಹೋದರೆ ಅದು ಒತ್ತಡದಲ್ಲಿರುವ ಶುದ್ಧ ನೀರಿನ ಪೈಪು. ಪಂಪ್ ಹಾಕಿದಾಗ ಮಾತ್ರ ತೊಟ್ಟಿಕ್ಕಿದರೆ ಮೇಲೇರುವ ಪೈಪು. ಬೆಳಿಗ್ಗೆ ಸ್ನಾನದ ಹೊತ್ತಿಗೆ ಒದ್ದೆಯಾಗಿ ಮಧ್ಯಾಹ್ನ ಒಣಗಿದರೆ ಮೇಲಿನ ಬಚ್ಚಲಿನ ಮೋರಿ ಪೈಪು ಅಥವಾ ನೆಲದ ಸಂದು. ಮಳೆ ಬಂದ ಮರುದಿನ ಕಂಡರೆ ಹೊರ ಗೋಡೆಯ ಬಿರುಕು. ಎಸಿ ಅಥವಾ ಕೋಲ್ಡ್ ರೂಮ್ ನಡೆಯುವಾಗ ಮಾತ್ರ ಬಂದರೆ ಅದು ಸೋರಿಕೆಯೇ ಅಲ್ಲ; ಯಂತ್ರದ ನೀರು ಹೋಗುವ ಸಣ್ಣ ಪೈಪು ಕಟ್ಟಿಕೊಂಡಿದೆ.

ಇನ್ನೂ ಸಂಶಯವಿದ್ದರೆ ಮೇಲಿನವರ ಒಪ್ಪಿಗೆ ಪಡೆದು ಅವರ ಬಚ್ಚಲಿನ ಜಾಲಿಗೆ ಜಿಲೇಬಿಗೆ ಹಾಕುವ ಬಣ್ಣ ಕಲಸಿದ ಎರಡು ಬಕೆಟ್ ನೀರು ಸುರಿಯಿರಿ. ಮರುದಿನದೊಳಗೆ ಕೆಳಗೆ ಬಣ್ಣ ಇಳಿದರೆ ವಾದಕ್ಕೆ ಜಾಗವೇ ಇಲ್ಲ.

ಇನ್ನೂ ಕೆಲವು ಗುರುತುಗಳಿವೆ. ಗೋಡೆಯ ಬಣ್ಣ ಗುಳ್ಳೆ ಏಳುವುದು, ಉಪ್ಪಿನಂತಹ ಬಿಳಿ ಪುಡಿ ಉದುರುವುದು, ಟೈಲ್ಸ್ ಮೇಲೆ ಬೆರಳಲ್ಲಿ ಬಡಿದಾಗ ಟೊಳ್ಳು ಸದ್ದು ಬರುವುದು, ಒರೆಸಿದರೂ ನೆಲದ ಒಂದೇ ಜಾಗ ಮತ್ತೆ ಮತ್ತೆ ಒದ್ದೆಯಾಗುವುದು. ಬಾಯ್ಲರಿನ ಬಿಸಿನೀರಿನ ಪೈಪು ನೆಲದಡಿ ಸೋರಿದರೆ ಅಲ್ಲಿ ಬರಿಗಾಲಿಗೆ ಬೆಚ್ಚಗೆ ತಾಗುತ್ತದೆ. ಔಷಧ ಹೊಡೆಸಿದರೂ ಜಿರಳೆ ಒಂದೇ ಮೂಲೆಗೆ ಬರುತ್ತಿದ್ದರೆ ಆ ಮೂಲೆಯಲ್ಲಿ ತೇವ ಇದೆಯೇ ಎಂದು ನೋಡಿ.

ನಮ್ಮ ಅಡುಗೆ ಕೋಣೆಯೇ ಮಾಡುವ ಕೇಡು

ಮನೆಯಲ್ಲಿ ಹತ್ತಿಪ್ಪತ್ತು ವರ್ಷ ಬಾಳುವ ಪೈಪು ಹೋಟೆಲಿನಲ್ಲಿ ಬೇಗ ಕೆಡಲು ಕಾರಣಗಳಿವೆ. ಅನ್ನ ಬಸಿದ ಕುದಿಯುವ ಗಂಜಿಯನ್ನು, ಇಡ್ಲಿ ಪಾತ್ರೆಯ ಬಿಸಿನೀರನ್ನು ಹಾಗೆಯೇ ಮೋರಿಗೆ ಸುರಿಯುತ್ತೇವೆ. ಸಾಮಾನ್ಯ ಪಿವಿಸಿ ಪೈಪು ಇಂಥ ಬಿಸಿಗೆ ಮಾಡಿದ್ದಲ್ಲ. ದಿನವೂ ಮೆತ್ತಗಾಗಿ, ತಣಿದು, ಕೊನೆಗೆ ಅದರ ಕೀಲು ಸಡಿಲವಾಗುತ್ತದೆ. ಗಂಜಿಗೆ ತಣ್ಣೀರು ಬೆರೆಸಿ ಸುರಿಯುವ ಅಭ್ಯಾಸ ಮಾಡಿಸಿದರೆ ಖರ್ಚಿಲ್ಲದೆ ಅರ್ಧ ರೋಗ ಹೋಗುತ್ತದೆ.

ಎರಡನೆಯದು ಆಸಿಡ್. ಜಿಡ್ಡು ಹೋಗಲೆಂದು ವಾರಕ್ಕೊಮ್ಮೆ ಆಸಿಡ್ ಹಾಕಿ ನೆಲ ತಿಕ್ಕುತ್ತಾರೆ. ಟೈಲ್ಸ್ ಹೊಳೆಯುತ್ತದೆ, ಆದರೆ ಟೈಲ್ಸುಗಳ ನಡುವಿನ ಸಿಮೆಂಟನ್ನು ಆಸಿಡ್ ತಿನ್ನುತ್ತದೆ. ಅಲ್ಲಿಂದ ತೊಳೆದ ನೀರು ಕೆಳಗಿಳಿಯುತ್ತದೆ. ಪೈಪು ಸರಿಯಾಗಿದ್ದರೂ ನೆಲವೇ ಜಾಲರಿಯಂತಾಗುತ್ತದೆ. ಜಿಡ್ಡಿಗೆ ಬಿಸಿನೀರು, ಸೋಪಿನ ಪುಡಿ ಸಾಕು. ಮೂರನೆಯದು, ಪೈಪು ಎಲ್ಲಿದೆ ಎಂದು ನೋಡದೆ ಸ್ಟೀಲ್ ಶೆಲ್ಫಿಗಾಗಿ ಗೋಡೆ ಕೊರೆಯುವುದು.

ಹೋಗುವ ನೀರಿಗಿಂತ ಒಳಬರುವ ಕೊಳಕು ದೊಡ್ಡದು

ದುಡ್ಡಿನ ನಷ್ಟವನ್ನಾದರೂ ತಾಳಿಕೊಳ್ಳಬಹುದು. ಆದರೆ ನೀರು ಹೊರಹೋಗುವ ತೂತಿನಿಂದಲೇ ಕೊಳಕು ಒಳಬರುತ್ತದೆ. ಪಾಲಿಕೆಯ ನೀರು ನಿಂತಾಗ ಪೈಪಿನಲ್ಲಿ ಒತ್ತಡ ಇಲ್ಲವಾಗುತ್ತದೆ. ಸುತ್ತ ನಿಂತಿರುವ ಮೋರಿಯ ನೀರು ಆ ಬಿರುಕಿನಿಂದ ಪೈಪಿನೊಳಗೆ ಸೇರುತ್ತದೆ, ಮರುದಿನದ ನೀರಿನೊಡನೆ ಟಾಂಕಿಗೆ ಬೀಳುತ್ತದೆ. ಅದೇ ನೀರಿನಲ್ಲಿ ಚಟ್ನಿ ಅರೆಯುತ್ತೇವೆ, ಅದನ್ನೇ ಗ್ಲಾಸಿನಲ್ಲಿ ಗಿರಾಕಿಯ ಮುಂದಿಡುತ್ತೇವೆ. ಚಟ್ನಿ ಕುದಿಯುವುದಿಲ್ಲ ಎಂಬುದನ್ನು ನೆನಪಿಡಿ. ನೀರು ಬಂದ ಮೊದಲ ಕೆಲವು ನಿಮಿಷ ಕದಡಿದ್ದರೆ, ವಾಸನೆ ಇದ್ದರೆ, ಟಾಂಕಿಗೆ ಬಿಡಬೇಡಿ. ಪಾಲಿಕೆಗೆ ದೂರು ಕೊಡಿ, ತಮ್ಮ ಪೈಪನ್ನೂ ಪರೀಕ್ಷಿಸಿ. ಆಹಾರ ಸುರಕ್ಷತಾ ಲೈಸೆನ್ಸಿನ ನಿಯಮದಂತೆ ನಾವು ಬಳಸುವ ನೀರು ಐಎಸ್ 10500 ಮಾನದಂಡಕ್ಕೆ ಸರಿಹೊಂದಬೇಕು. ಪರೀಕ್ಷೆಯ ವರದಿಯಲ್ಲಿ ರೋಗಾಣು ಕಂಡರೆ ಫಿಲ್ಟರ್ ಬದಲಿಸಿ ಸುಮ್ಮನಾಗದೆ ಪೈಪಿನ ಬಿರುಕನ್ನು ಹುಡುಕಬೇಕು.

ಎರಡನೇ ಅಪಾಯ ಕರೆಂಟು. ಒದ್ದೆ ಗೋಡೆಯಲ್ಲಿ ವೈರಿಂಗ್ ಇದ್ದರೆ ಗ್ರೈಂಡರ್ ಮುಟ್ಟಿದ ಹುಡುಗನಿಗೆ ಷಾಕ್ ಹೊಡೆಯಬಹುದು. ಇಎಲ್‌ಸಿಬಿ ಸ್ವಿಚ್ ಪದೇ ಪದೇ ಬಿದ್ದರೆ ಅದನ್ನು ತಪ್ಪಿಸಿ ನೇರ ಲೈನ್ ಕೊಡಿಸಬೇಡಿ. ಅದು ಪ್ರಾಣ ಉಳಿಸಲೆಂದೇ ಬೀಳುತ್ತಿದೆ. ಎಲೆಕ್ಟ್ರಿಷಿಯನ್ನನ್ನು ಕರೆಸಿ, ತೇವ ಎಲ್ಲಿಂದ ಎಂದು ನೋಡಿಸಿ.

ಮೂರನೆಯದು ಕಟ್ಟಡ. ಕಾಂಕ್ರೀಟಿನೊಳಗಿನ ಕಬ್ಬಿಣಕ್ಕೆ ನೀರು ತಾಗಿದರೆ ತುಕ್ಕು ಹಿಡಿದು ಉಬ್ಬುತ್ತದೆ, ಕಾಂಕ್ರೀಟ್ ಸೀಳುತ್ತದೆ, ಚೂರು ಚೂರಾಗಿ ಉದುರುತ್ತದೆ. ಸಮುದ್ರದ ಉಪ್ಪು ಗಾಳಿಯ ಊರಿನಲ್ಲಿ ಇದು ಇನ್ನೂ ಬೇಗ. ಮೇಲೆ ಫಾಲ್ಸ್ ಸೀಲಿಂಗ್ ಹಾಕಿ ಕಲೆ ಮುಚ್ಚಿದವರು ಅಪಾಯವನ್ನೂ ತಮ್ಮ ಕಣ್ಣಿನಿಂದ ಮುಚ್ಚಿಕೊಂಡಂತೆಯೇ.

ಮನೆ ಮತ್ತು ಹುಡುಗರ ರೂಮು

ನಮ್ಮ ಫ್ಲ್ಯಾಟಿನಲ್ಲಿ, ಹುಡುಗರು ಇರುವ ರೂಮಿನಲ್ಲಿ ಸದ್ದಿಲ್ಲದೆ ಸೋರುವುದು ಹೆಚ್ಚಾಗಿ ಫ್ಲಷ್ ಟಾಂಕಿ. ರಾತ್ರಿ ಮಲಗುವಾಗ ಟಾಂಕಿಯ ನೀರಿಗೆ ಸ್ವಲ್ಪ ಬಣ್ಣ ಹಾಕಿ, ಇಪ್ಪತ್ತು ನಿಮಿಷ ಯಾರೂ ಬಳಸದೆ ಬಿಡಿ. ಕಮೋಡಿನಲ್ಲಿ ಬಣ್ಣ ಕಂಡರೆ ಒಳಗಿನ ರಬ್ಬರ್ ವಾಷರ್ ಹೋಗಿದೆ. ಕಡಿಮೆ ಖರ್ಚಿನ ಕೆಲಸ ಇದು. ಊರಿಗೆ ಹೋಗುವಾಗ ಮನೆಯ ಮುಖ್ಯ ವಾಲ್ವ್ ಮುಚ್ಚಿ ಹೋಗುವುದು ಒಳ್ಳೆಯ ರೂಢಿ.

ಪ್ಲಂಬರ್ ಬಂದಾಗ

ಬಂದವನೇ ಸುತ್ತಿಗೆ ಎತ್ತುವ ಪ್ಲಂಬರನ್ನು ಸ್ವಲ್ಪ ತಡೆಯಿರಿ. ನೀರು ಇಳಿಜಾರು ಹುಡುಕಿಕೊಂಡು ಹೋಗುತ್ತದೆ. ಒದ್ದೆ ಕಂಡ ಜಾಗದಲ್ಲೇ ಪೈಪು ಒಡೆದಿರಬೇಕೆಂದಿಲ್ಲ. ಮೊದಲು ಪ್ರೆಷರ್ ಟೆಸ್ಟ್ ಮಾಡಲು ಹೇಳಿ. ಪೈಪಿನ ಒಂದು ಭಾಗವನ್ನು ಎರಡೂ ಕಡೆ ಮುಚ್ಚಿ, ಕೈ ಪಂಪಿನಿಂದ ಒತ್ತಡ ಕೊಟ್ಟು ಗೇಜ್ ನೋಡುತ್ತಾರೆ. ಮುಳ್ಳು ಇಳಿದರೆ ಆ ಭಾಗದಲ್ಲಿ ಸೋರಿಕೆ, ನಿಂತರೆ ಆ ಭಾಗ ಸರಿಯಿದೆ. ಹೀಗೆ ಒಂದೊಂದೇ ಭಾಗ ಬಿಡುತ್ತ ಬಂದರೆ ಇಡೀ ಅಡುಗೆ ಕೋಣೆ ಅಗೆಯುವ ಬದಲು ನಾಲ್ಕು ಟೈಲ್ಸ್ ತೆಗೆದರೆ ಮುಗಿಯುತ್ತದೆ. ಸದ್ದು ಆಲಿಸುವ ಯಂತ್ರ, ಥರ್ಮಲ್ ಕ್ಯಾಮೆರಾ ತರುವವರೂ ಈಗ ಇದ್ದಾರೆ. ಕ್ಯಾಮೆರಾ ನೀರನ್ನು ತೋರಿಸುವುದಿಲ್ಲ, ಬಿಸಿ ತಂಪಿನ ವ್ಯತ್ಯಾಸವನ್ನು ತೋರಿಸುತ್ತದೆ. ಆದ್ದರಿಂದ ಅದರ ಮಾತನ್ನು ಪ್ರೆಷರ್ ಟೆಸ್ಟಿನೊಡನೆ ತಾಳೆ ನೋಡಬೇಕು. ಹೊಸ ಪೈಪು ಹಾಕಿಸಿದಾಗ ಸಿಮೆಂಟ್ ಮುಚ್ಚುವ ಮೊದಲು ಪರೀಕ್ಷೆ ಮಾಡಿಸಿ, ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಮುಂದೆ ಗೋಡೆ ಕೊರೆಯುವಾಗ ಅದು ಬಹಳ ಉಪಯೋಗಕ್ಕೆ ಬರುತ್ತದೆ.

ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ ಇಷ್ಟೇ. ಗಲ್ಲೆಯ ಬಳಿ ನೂರು ಪುಟದ ಒಂದು ನೋಟ್‌ಬುಕ್ ಇಡಿ. ದಿನವೂ ಒಂದೇ ಹೊತ್ತಿಗೆ ಮೀಟರಿನ ಅಂಕೆ, ಬಂದ ಟ್ಯಾಂಕರಿನ ಲೀಟರ್, ಅಂದಾಜು ಗಿರಾಕಿಗಳ ಸಂಖ್ಯೆ, ಈ ಮೂರನ್ನು ಮ್ಯಾನೇಜರ್ ಬರೆಯಲಿ. ಒಂದು ತಿಂಗಳಾದರೆ ತಮ್ಮ ಹೋಟೆಲಿಗೆ ಒಬ್ಬ ಗಿರಾಕಿಗೆ ಎಷ್ಟು ನೀರು ಬೇಕು ಎಂಬುದು ತಮಗೇ ತಿಳಿಯುತ್ತದೆ. ಗಿರಾಕಿ ಹೆಚ್ಚದೆ ನೀರು ಮಾತ್ರ ಹೆಚ್ಚಿದ ದಿನ ಆ ಪುಸ್ತಕವೇ ಎಚ್ಚರಿಸುತ್ತದೆ. ಈ ವಾರದಲ್ಲಿ ಒಂದು ರಾತ್ರಿ ಬಿಡುವು ಮಾಡಿ, ಟಾಂಕಿಯ ಕೋಲಿಗೆ ಒಂದು ಗುರುತು ಹಾಕಿ.